ಬಿದ್ದ ದೂತನಿಗೆ ಎರಡು ಗೊಂಬೆ

ಬೆಳಿಗ್ಗೆ ಎಂಟೂವರೆಗೆ ಪಾಲಪ್ಪ ಅಂಗಳದ ಬೇವಿನ ನೆರಳಿನಲ್ಲಿ ಎರಡು ಈಚಲ ಚಾಪೆ ಹಾಸಿದರು. ಎರಡರ ನಡುವೆ ಒಬ್ಬರು ಅಡ್ಡಾಡುವಷ್ಟು ಜಾಗ ಬಿಟ್ಟರು. ಮಳೆಗಾಲ ಮುಗಿದ ಮೇಲೆ ತೊಗಲು ಗೊಂಬೆಗಳನ್ನು ಹೊರಗೆ ತೆಗೆದು ಗಾಳಿಗೆ ಹರವಬೇಕು, ಇಲ್ಲದಿದ್ದರೆ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ನೇರ ಬಿಸಿಲು ಬಿದ್ದರೂ ಕೆಟ್ಟಿತು, ಸುರುಟಿಕೊಳ್ಳುತ್ತದೆ. ಹಾಗಾಗಿ ನೆರಳು ಸರಿದಂತೆ ಚಾಪೆಯನ್ನೂ ಸರಿಸುತ್ತಾ ಕೂರುವುದು ಅವರ ಆ ದಿನದ ಕೆಲಸ.

ಬಲಗಡೆಯ ಚಾಪೆಗೆ ದೇವರ ಗಂಟು, ಎಡಗಡೆಯದಕ್ಕೆ ರಾಕ್ಷಸರ ಗಂಟು. ಕಂಪ್ಲಿಯಿಂದ ಹೊಸಪೇಟೆಗೆ ಹೋಗುವ ರಸ್ತೆಯ ಬದಿಯ ಈ ಕಾಲೋನಿಯಲ್ಲಿ ಗೊಂಬೆ ಆಡಿಸುವ ಮನೆ ಈಗ ಇದೊಂದೇ. ಅರವತ್ನಾಲ್ಕು ವರ್ಷದ ಪಾಲಪ್ಪನವರಿಗೆ ಅಜ್ಜ ಕಲಿಸಿದ ನಿಯಮಗಳು ಹೆಚ್ಚೇನಿಲ್ಲ. ದೇವರ ಗಂಟನ್ನು ಮೊದಲು ಬಿಚ್ಚಬೇಕು, ಕಡೆಗೆ ಕಟ್ಟಬೇಕು. ದೇವರ ಗೊಂಬೆಗೆ ಕಲೆಯಿಲ್ಲದ ಇಡೀ ಚರ್ಮ. ರಾಕ್ಷಸರಿಗೆ ತೇಪೆ ನಡೆಯುತ್ತದೆ. ಹಳೆಯದಾದ ಗೊಂಬೆಗಳನ್ನು ತುಂಗಭದ್ರೆಗೆ ಬಿಡುವಾಗಲೂ ಎರಡು ಗಂಟಿಗೆ ಎರಡು ಬೇರೆ ದಿನ. ಮುಖ್ಯವಾದದ್ದು ಇನ್ನೊಂದು: ಒಮ್ಮೆ ಒಂದು ಗಂಟಿಗೆ ಸೇರಿದ ಗೊಂಬೆ ಮತ್ತೊಂದಕ್ಕೆ ಹೋಗುವಂತಿಲ್ಲ. ಲಂಕೆಯ ದೊರೆ ಎಷ್ಟೇ ದೊಡ್ಡ ಶಿವಭಕ್ತನಾದರೂ ಅವನ ಜಾಗ ಎಡಗಡೆಯ ಚಾಪೆಯ ಮೇಲೆಯೇ.

ಹನ್ನೊಂದರ ಹೊತ್ತಿಗೆ ಫೋನ್ ಬಂತು. ಮಾತಾಡಿದವರು ಹೊಸಪೇಟೆಯ ಪ್ರಭುದಾಸ್ ಮಾಸ್ತರ್. ಟಿ.ಬಿ. ಡ್ಯಾಂನ ಕಾಲುವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಚರ್ಚಿನ ಮಕ್ಕಳಿಗೆ ಪಾಠ ಹೇಳುವುದರಿಂದ ಮಾಸ್ತರ್.

"ಆರಾಮ ಅದೀರಿ, ಪಾಲಪ್ಪನವ್ರ? ಈ ಕ್ರಿಸ್ಮಸ್‌ಗೆ ಮತ್ತ ನಿಮ್ಮ ಆಟ ಇಡಬೇಕಂತ ಸಭೆಯವ್ರು ಗಂಟು ಬಿದ್ದಾರ್ರಿ. ಅದ ಆಟ, ಅದ ಮೇಳ. ಮತ್ತ ಆ ಮದ್ದಳಿಯವ್ರು, ದೂತ ಬೀಳೋ ಹೊತ್ತಿಗೆ ಕೈ ನಿಲ್ಸಿದ್ರಲ್ಲ, ಅವ್ರನ್ನ ಮಾತ್ರ ಬಿಟ್ಟು ಬರಬ್ಯಾಡ್ರಿ. ಆವತ್ತು ಮೈ ಜುಮ್ ಅಂದಿತ್ತು ನೋಡ್ರಿ."

"ಕೇಳಿ ಹೇಳ್ತೀನ್ರಿ" ಎಂದು ಪಾಲಪ್ಪ ಫೋನ್ ಕೆಳಗಿಟ್ಟರು.

ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ದ್ಯಾಮಕ್ಕ ಕೈ ನಿಲ್ಲಿಸಿ ಕೇಳಿದರು: "ಯಾರನ್ನ ಕೇಳ್ತಿ?"

ಪಾಲಪ್ಪ ಚಾಪೆಯನ್ನು ನೆರಳಿಗೆ ಸರಿಸಿದರು. ಕೇಳಬೇಕಾಗಿದ್ದದ್ದು ಮದ್ದಳೆ ಬಾರಿಸುತ್ತಿದ್ದ ಹೊನ್ನೂರ್‌ಸಾಬರನ್ನು. ಅವರಿಬ್ಬರು ಎದುರುಬದುರು ಕೂತು ಮಾತಾಡಿ ಮೂರು ವರ್ಷವಾಗಿತ್ತು.

ಅದಕ್ಕೆ ಮುಂಚೆ ಮೂವತ್ತೊಂದು ವರ್ಷ ಇಬ್ಬರೂ ಒಂದೇ ಪರದೆಯ ಹಿಂದೆ ಕೂತಿದ್ದರು. ಹೊನ್ನೂರ್‌ಸಾಬ್ ಕಂಪ್ಲಿಯ ಚರ್ಮದ ವ್ಯಾಪಾರಿ. ಪಾಲಪ್ಪನ ಗೊಂಬೆಗಳಿಗೆ ಆಡಿನ ಚರ್ಮ ಅವರ ಮಳಿಗೆಯಿಂದಲೇ ಬರುತ್ತಿತ್ತು. ಬಿಸಿಲಿಗೆ ಹಿಡಿದು ನೋಡಿ, ಗಾಯದ ಗುರುತಿಲ್ಲದ್ದನ್ನು ಆರಿಸಿ, "ಇದು ನಿನ್ನ ರಾಮಗ" ಎಂದು ಬೇರೆ ಇಡುತ್ತಿದ್ದರು. ಮದ್ದಳೆ ಅವರಿಗೆ ಚಿಕ್ಕಂದಿನ ಹುಚ್ಚು. ಒಂದು ಸಲ ಪಾಲಪ್ಪನ ಮದ್ದಳೆಯವನು ಜ್ವರ ಬಂದು ಮಲಗಿದಾಗ, ಚರ್ಮ ಕೊಡಲು ಬಂದ ಹೊನ್ನೂರ್‌ಸಾಬರೇ ಕೂತು ಬಾರಿಸಿದರು. ಅಲ್ಲಿಂದ ಮುಂದೆ ಆ ಜಾಗ ಬಿಟ್ಟು ಎದ್ದಿರಲಿಲ್ಲ. ಗಂಗಾವತಿ, ದರೋಜಿ, ಸಂಡೂರು, ಎಲ್ಲಿ ಆಟವಿದ್ದರೂ ದ್ಯಾಮಕ್ಕ ಹೆಣ್ಣು ಪಾತ್ರಗಳ ದನಿ, ಪಾಲಪ್ಪ ಉಳಿದವರ ದನಿ, ಹೊನ್ನೂರ್‌ಸಾಬರ ಮದ್ದಳೆ.

ಪ್ರಭುದಾಸ್ ಮಾಸ್ತರ್ ಮೊದಲ ಸಲ ಬಂದದ್ದು ೨೦೨೨ರ ನವೆಂಬರಿನಲ್ಲಿ. ಕೈಯಲ್ಲಿ ನಲವತ್ತು ಪುಟದ ನೋಟ್‌ಬುಕ್ಕು. ಲೋಕ ಹುಟ್ಟಿದಲ್ಲಿಂದ ಯೇಸು ಹುಟ್ಟುವವರೆಗಿನ ಕಥೆಯನ್ನು ಒಂದೂವರೆ ಗಂಟೆಯಲ್ಲಿ ಆಡಿಸಬೇಕು. ಮೊದಲ ಪ್ರಸಂಗವೇ ದೂತನ ಪತನ.

"ಎಲ್ಲಾ ದೂತರಿಗಿಂತ ಹೊಳಿಯಾವ ಇವ" ಎಂದು ಮಾಸ್ತರ್ ವಿವರಿಸಿದರು. "ದೇವರ ಸಮ ಕುಂದ್ರಬೇಕಂತ ಸೊಕ್ಕು ಬಂತು. ಪರಲೋಕದಾಗ ಯುದ್ಧ ಆತು. ತನ್ನ ಕಡಿಯವ್ರನ್ನ ಕಟಗೊಂಡು ಕೆಳಗ ಬಿದ್ದ. ಬಿದ್ದ ಮ್ಯಾಲ ಅವನ ಸೈತಾನ."

"ಹಂಗಾರ ಮೊದ್ಲು ದೇವರ ಕಡಿ, ಆಮ್ಯಾಲ ರಾಕ್ಷಸ?"

"ಹೌದ್ರಿ. ಒಬ್ಬಾವನ. ನಮ್ಮ ಧರ್ಮಗ್ರಂಥದಾಗ ಇದು ಒಂದ ಕಡಿ ಕಥಿಯಾಗಿ ಇಲ್ಲ. ಅಲ್ಲೊಂದು ಇಲ್ಲೊಂದು ಮಾತು ಬರ್ತೈತಿ. ಹಿರಿಯರು ಅದನ್ನ ಜೋಡ್ಸಿ ನಮಗ ಹಿಂಗ ಹೇಳ್ಯಾರ."

ಮಾಸ್ತರ್ ಹೋದ ಮೇಲೆ ಪಾಲಪ್ಪ ಎರಡು ಗಂಟುಗಳನ್ನೂ ನೋಡುತ್ತಾ ಕೂತರು. ಬಲದಿಂದ ಎಡಕ್ಕೆ ದಾಟುವ ಗೊಂಬೆಯನ್ನು ಅವರ ಮನೆತನದಲ್ಲಿ ಯಾರೂ ಕತ್ತರಿಸಿರಲಿಲ್ಲ. ದಾರಿ ಹೊಳೆದದ್ದು ತಮ್ಮ ಕಸುಬಿನಿಂದಲೇ. ತೊಗಲು ಗೊಂಬೆಗೆ ಕೈಕಾಲು ಅಲ್ಲಾಡಿದರೂ ಭಂಗಿ ಬದಲಾಗುವುದಿಲ್ಲ. ಆದ್ದರಿಂದ ಮುಖ್ಯ ಪಾತ್ರಕ್ಕೆ ಮೂರು ನಾಲ್ಕು ಗೊಂಬೆ ಇರುತ್ತವೆ. ಕೂತ ರಾಮ, ನಡೆಯುವ ರಾಮ, ಬಿಲ್ಲು ಹಿಡಿದ ರಾಮ. ಒಂದನ್ನು ಇಳಿಸಿ ಮತ್ತೊಂದನ್ನು ಎತ್ತಿದರೆ ಪರದೆಯ ಮುಂದಿನ ಜನಕ್ಕೆ ಅವನು ಒಬ್ಬನೇ ರಾಮ. ಹಾಗೆಯೇ ದೂತನಿಗೂ ಎರಡು ಗೊಂಬೆ. ರೆಕ್ಕೆಯಿದ್ದ ಹೊಳೆಯುವವನು ಬಲಗಡೆ, ರೆಕ್ಕೆಯಿಲ್ಲದ ಸೈತಾನ ಎಡಗಡೆ. ಯಾರೂ ಗಂಟು ದಾಟಬೇಕಾಗಿಲ್ಲ.

ಚರ್ಮಕ್ಕೆಂದು ಕಂಪ್ಲಿಗೆ ಹೋದಾಗ ಹೊನ್ನೂರ್‌ಸಾಬ್ ಕೇಳಿದರು: "ಯಾವ ಆಟಕ್ಕಲೇ ಇಷ್ಟು ಜಲ್ದಿ?"

"ಕ್ರಿಸ್ತಾನರ ಆಟ. ಸೈತಾನ ಬರ್ತಾನ."

"ಸೈತಾನ ಅಂದ್ರ ನಮ್ಮ ಇಬ್ಲೀಸ?" ಹೊನ್ನೂರ್‌ಸಾಬ್ ಕೈಯಲ್ಲಿದ್ದ ಚರ್ಮ ಕೆಳಗಿಟ್ಟರು. "ಅವಗ ರೆಕ್ಕಿಗಿಕ್ಕಿ ಹಚ್ಚೀದಿ ಮತ್ತ. ಅವ ಫರಿಶ್ತೆ ಅಲ್ಲ, ಜಿನ್. ಬೆಂಕಿಲಿಂದ ಹುಟ್ಟಿದವ. ಫರಿಶ್ತೆ ಅಂದ್ರ ಬೆಳಕಿನ ದೂತರು, ಹೇಳಿದಷ್ಟು ಮಾಡ್ತಾರ. ಮೀರಾಕ ಅವ್ರಿಗೆ ಬರಾಂಗಿಲ್ಲ."

"ಜಿನ್ ಆದಾವ ದೂತರ ನಡುವ ಹೆಂಗ ಇದ್ದ?"

"ಭಾಳ ವರ್ಷ ಪ್ರಾರ್ಥನಿ ಮಾಡಿ ಅಲ್ಲಿ ತನಕ ಹೋಗಿದ್ದ. ದೇವರು ಮಣ್ಣಿಲಿಂದ ಮನಷ್ಯಾನ್ನ ಮಾಡಿ, ಇವಗ ತಲಿ ಬಾಗಿಸ್ರಿ ಅಂದ. ಎಲ್ರೂ ಬಾಗಿದ್ರು. ಇವ ಒಬ್ಬ, ನಾ ಬೆಂಕಿ, ಅವ ಮಣ್ಣು, ನಾ ಯಾಕ ಬಾಗ್ಲಿ ಅಂದ. ಹೊರಗ ಹಾಕಿದ್ರು."

"ಸೊಕ್ಕು."

"ಸೊಕ್ಕ ಮತ್ತ. ನಿನಗ ಹಾರ್ಮೋನಿಯಂ ಬರ್ತೈತಿ ಅಂತ ತಿಳಕೊಂಡಿಯಲ್ಲ, ಅಂಥಾದ್ದು."

ಇಬ್ಬರೂ ನಕ್ಕರು. ಆವತ್ತೇ ಹೇಳಿಬಿಡಬಹುದಿತ್ತು. ಮಾಸ್ತರ ಕಥೆಯಲ್ಲಿ ಅವನು ದೂತನೇ, ಅವರಿಗೆ ಹಾಗೇ ಬೇಕಂತೆ ಎಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಪಾಲಪ್ಪ ಹೇಳಲಿಲ್ಲ. ಹೊನ್ನೂರ್‌ಸಾಬ್ ಒಲ್ಲೆ ಎಂದುಬಿಟ್ಟರೆ ಆಟವೇ ಇಲ್ಲ ಎಂಬ ಅಂಜಿಕೆ ಒಂದು. ಎರಡು ಗೊಂಬೆಯ ಉಪಾಯದಿಂದ ಎರಡೂ ಕಡೆಯವರು ಸಂತೋಷವಾಗಿರುತ್ತಾರೆ ಎಂಬ ಜಾಣತನ ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚಿತ್ತು ಎಂದು ಈಗ ಕೇಳಿದರೆ ಅವರು ಎರಡನೆಯದನ್ನು ಹೇಳುತ್ತಾರೆ.

ಇಪ್ಪತ್ತು ದಿನದಲ್ಲಿ ಗೊಂಬೆಗಳು ಸಿದ್ಧವಾದವು. ತಾಲೀಮಿಗೆ ಬಂದ ಹೊನ್ನೂರ್‌ಸಾಬ್ ಗೋಡೆಗೆ ಒರಗಿಸಿದ್ದ ರೆಕ್ಕೆಯ ಗೊಂಬೆಯನ್ನು ನೋಡಿ, "ಚಂದ ಆಗ್ಯಾನ. ಯಾರಿವ?" ಎಂದರು.

"ಅದು ಬೇರೆ ದೂತ. ಸುದ್ದಿ ತರಾವ."

"ಮತ್ತ ಇಬ್ಲೀಸ?"

ಪಾಲಪ್ಪ ಎಡಗಡೆಯ ಗಂಟಿನಿಂದ ಎರಡನೆಯ ಗೊಂಬೆ ತೋರಿಸಿದರು. ಕೆಂಪು ಬಣ್ಣ, ಬೋಳು ಹೆಗಲು. ಹೊನ್ನೂರ್‌ಸಾಬ್ ತಲೆದೂಗಿದರು.

ಪತನದ ಭಾಗವನ್ನು ಪಾಲಪ್ಪ ತಾಲೀಮಿನಲ್ಲಿ ಹಾರಿಸಿದರು. "ಅದನ್ನ ಮಾಸ್ತರ್ ಇನ್ನೂ ತಿದ್ದಾಕ ಹತ್ಯಾರ. ಅಲ್ಲಿ ಯಾರೋ ಬೀಳ್ತಾರ, ನೀ ಒಂದು ದೊಡ್ಡ ಏಟು ಹಾಕು ಸಾಕು" ಎಂದರು. ಒಂದು ಸುಳ್ಳನ್ನು ಮುಚ್ಚಲು ಎರಡನೆಯದು.

ಒಲೆಯ ಹತ್ತಿರವಿದ್ದ ದ್ಯಾಮಕ್ಕನಿಗೆ ಎಲ್ಲ ಗೊತ್ತಿತ್ತು. ಹೊನ್ನೂರ್‌ಸಾಬ್ ಹೋದ ಮೇಲೆ, "ಅವ್ನಿಗೆ ಹೇಳಿಬಿಡು. ಮೂವತ್ತು ವರ್ಷ ರಾಮನ ಆಟಕ್ಕ ಬಾರಿಸಿದವ ಇದಕ್ಕ ಒಲ್ಲೆ ಅಂತಾನಂತ ತಿಳದಿಯೇನು?" ಎಂದರು. ಆಟ ಮುಗಿಯಲಿ, ಹೇಳೋಣ ಎಂದು ಪಾಲಪ್ಪ ಬಾಯಿ ಮುಚ್ಚಿಸಿದರು.

ಡಿಸೆಂಬರ್ ಇಪ್ಪತ್ಮೂರರ ಸಂಜೆ ಆರೂವರೆಗೆ ಚರ್ಚಿನ ಪಕ್ಕದ ಬಯಲಿನಲ್ಲಿ ಆಟ ಶುರುವಾಯಿತು. ಮಕ್ಕಳು ಮುಂದೆ, ಡ್ಯಾಂ ಕ್ವಾರ್ಟರ್ಸಿನ ಮಂದಿ, ಕುರೆಕುಪ್ಪದಿಂದ ಬಂದ ಕಾರ್ಖಾನೆಯ ಕುಟುಂಬಗಳು ಹಿಂದೆ. ಮದ್ದಳೆಯವನು ಪರದೆ ನೋಡುವುದಿಲ್ಲ. ಆಡಿಸುವವನ ಪಕ್ಕದಲ್ಲಿ ಕೂತು ಅವನ ದನಿ ಹಿಡಿದು ಬಾರಿಸುತ್ತಾನೆ. ಮಾತು ಏರುವ ಮೊದಲೇ ಮದ್ದಳೆ ಏರುತ್ತದೆ. ಆ ಸಂಜೆಯೂ ಯುದ್ಧದ ತನಕ ಹಾಗೇ ನಡೆಯಿತು.

ಆಮೇಲೆ ನೋಟ್‌ಬುಕ್ಕಿನಲ್ಲಿದ್ದ ಮಾತು ಬಂತು. ರೆಕ್ಕೆಯ ಗೊಂಬೆಯನ್ನು ಇಳಿಸುತ್ತಾ, ಕೆಂಪು ಗೊಂಬೆಯನ್ನು ಎತ್ತುತ್ತಾ ಪಾಲಪ್ಪ ಒಂದೇ ದನಿಯಲ್ಲಿ ಹೇಳಬೇಕು: "ನಿನ್ನೆ ತನಕ ಬೆಳಕಿನ ದೂತನಾಗಿದ್ದ ನಾನೇ ಇಂದು ಸೈತಾನ." ಹೇಳಿದರು. ಏಟು ಬೀಳಬೇಕಾದ ಜಾಗ. ಬೀಳಲಿಲ್ಲ.

ಪಾಲಪ್ಪ ತಿರುಗಿ ನೋಡಿದರು. ಹೊನ್ನೂರ್‌ಸಾಬರ ಕೈ ಮದ್ದಳೆಯ ಮೇಲೆ ಎತ್ತಿದಂತೆಯೇ ನಿಂತಿತ್ತು. ಕಣ್ಣು ಎರಡು ಗೊಂಬೆಗಳ ಮೇಲಿತ್ತು. ನಾಲ್ಕೈದು ಉಸಿರಿನಷ್ಟು ಹೊತ್ತು ಯಾವ ಸದ್ದೂ ಇಲ್ಲದೆ ಸೈತಾನ ಬಿಳಿ ಪರದೆಯ ಮೇಲೆ ಕೆಳಗಿಳಿದ. ನಂತರ ಮದ್ದಳೆ ಮತ್ತೆ ಹಿಡಿಯಿತು. ಕಡೆಯ ಮಂಗಳದವರೆಗೆ ಒಂದು ತಾಳವೂ ತಪ್ಪಲಿಲ್ಲ.

ಜನ ಚಪ್ಪಾಳೆ ಹೊಡೆದರು. ಮಾಸ್ತರ್ ಪರದೆಯ ಹಿಂದೆ ಬಂದು ಹೊನ್ನೂರ್‌ಸಾಬರ ಎರಡೂ ಕೈ ಹಿಡಿದುಕೊಂಡು, ಆ ಮೌನ ತಮಗೆ ಹೊಳೆದೇ ಇರಲಿಲ್ಲ ಎಂದರು. ಹೊನ್ನೂರ್‌ಸಾಬ್ "ಶುಕ್ರಿಯಾ" ಎಂದಷ್ಟೇ ಹೇಳಿದರು.

ಗೊಂಬೆ ಕಟ್ಟುವಾಗ ಅವರು ಪಾಲಪ್ಪನ ಹತ್ತಿರ ಬಂದು ಕೂತರು. ದನಿ ಏರಿಸಲಿಲ್ಲ.

"ಅವ್ರ ಮನಿ ಕಥಿ ಅವ್ರು ಹೇಳ್ಕೊಂತಾರ. ಅದಕ್ಕ ನನ್ನದೇನು ತಕರಾರು? ನಮ್ಮೊಳಗೂ ಹಿಂದಿನ ಪಂಡಿತರು ಕೆಲವ್ರು, ಅವ ಮೊದ್ಲು ಫರಿಶ್ತೆನ ಇದ್ದ ಅಂದಾರಂತ. ನಮ್ಮ ಮಸೀದಿ ಹಜರತ್ ಹೇಳಿದ್ದು ಕೇಳೀನಿ. ನಾ ಹಂಗ ನಂಬಾಂಗಿಲ್ಲ, ಅಷ್ಟ. ನೀ ಕೇಳಿದ್ರ ಬಾರಿಸ್ತಿದ್ನೆಪ್ಪ. ಸುಳ್ಳು ಯಾಕ ಹೇಳಿದಿ?"

ಪಾಲಪ್ಪನ ಬಾಯಿಗೆ ಆಗ ಬಂದದ್ದು, "ಗೊಂಬಿ ಎರಡು ಅದಾವಲ್ಲ, ನಾ ಸುಳ್ಳೇನು ಹೇಳಿದೆ?" ಎಂಬ ಮಾತು. ಇಡೀ ಸಂಗತಿಯಲ್ಲಿ ಅವರಿಗೆ ಹೆಚ್ಚು ನೋಯುವುದು ಅದೇ. ಮೊದಲ ಸುಳ್ಳು ಅಂಜಿಕೆಯಿಂದ ಬಂದಿರಬಹುದು. ಇದು ಕೇಳಿದ ಮೇಲೂ, ಎದುರಿಗೆ ಕೂತವನ ಮುಖ ನೋಡುತ್ತಾ ಆಡಿದ್ದು.

ಹೊನ್ನೂರ್‌ಸಾಬ್ ಮದ್ದಳೆ ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಸಂಕ್ರಾಂತಿಗೆ ಮುಂಚೆ ಪಾಲಪ್ಪ ಚರ್ಮಕ್ಕೆ ಹೋದಾಗ ಮಳಿಗೆಯ ಆಳು ಬಂದು ಕೊಟ್ಟ. ಒಳ್ಳೆಯ ಚರ್ಮವೇ. ಆರಿಸಿ, ಬೇರೆ ಇಟ್ಟದ್ದು. ಹೊನ್ನೂರ್‌ಸಾಬ್ ಒಳಗಿನ ಕೋಣೆಯಲ್ಲಿದ್ದರು, ಕೆಮ್ಮು ಕೇಳಿಸುತ್ತಿತ್ತು. ಒಳಗೆ ಹೋಗಲು ಪಾಲಪ್ಪನಿಗೆ ಧೈರ್ಯವಾಗಲಿಲ್ಲ. ಆ ವರ್ಷದ ಕೊನೆಗೆ ಮಳಿಗೆ ಅಳಿಯನ ಕಡೆಯವರಿಗೆ ಹೋಯಿತು. ಹೊನ್ನೂರ್‌ಸಾಬ್ ಮಗಳ ಮನೆಗೆಂದು ಸಂಡೂರಿಗೆ ಹೋದರು.

ಮರುವರ್ಷ ಫೆಬ್ರವರಿಯಲ್ಲಿ ಹಂಪಿಯ ಗೈಡ್ ಶ್ರೀಪತಿ ಒಬ್ಬ ಯಹೂದಿ ಹೆಂಗಸನ್ನು ಕರೆತಂದ. ಹೆಸರು ತಮಾರ್, ಇಸ್ರೇಲಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು. ಗೊಂಬೆ ನೋಡಲು ಬಂದಿದ್ದಳು. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಾ ರೆಕ್ಕೆಯವನ ಹತ್ತಿರ ನಿಂತಳು. ಪಾಲಪ್ಪ ಕಥೆ ಹೇಳಿದರು, ಶ್ರೀಪತಿ ಇಂಗ್ಲಿಷಿಗೆ ತಿರುಗಿಸಿದ. ಅವಳು ನಕ್ಕಳು.

"ಇವ್ರ ಮನಿ ಕಥಿಯೊಳಗ ಅವ ಬಿದ್ದೇ ಇಲ್ಲಂತ ನೋಡ್ರಿ" ಎಂದು ಶ್ರೀಪತಿ ಹೇಳಿದ. "ದಂಗೆ ಎದ್ದಿಲ್ಲ, ಯುದ್ಧನೂ ಇಲ್ಲ. ಅವ ದೇವರ ದರಬಾರಿನ್ಯಾಗ ನೌಕರಿ ಮಾಡ್ತಾನಂತ. ಮನಷ್ಯಾರ ಮ್ಯಾಲ ಆರೋಪ ಹೊರಸೋದು, ಅವ್ರನ್ನ ಪರೀಕ್ಷಾ ಮಾಡೋದು ಅವನ ಕೆಲಸ. ಅದಕ್ಕೂ ಮೊದ್ಲು ದೇವರ ಅಪ್ಪಣೆ ತಗೋಬೇಕಂತ."

"ಬೀಳೋ ದೂತರು ಅವ್ರಲ್ಲಿ ಇಲ್ಲೇ ಇಲ್ಲೇನು?"

ಶ್ರೀಪತಿ ಕೇಳಿ ಹೇಳಿದ: "ಭಾಳ ಹಳೆ ಕಾಲದಾಗ ಕೆಲವ್ರು ಬರದಿದ್ರಂತ. ಭೂಮಿ ಹೆಣ್ಮಕ್ಕಳ ಮ್ಯಾಲ ಮನಸಾಗಿ ದೂತರು ಇಳದು ಬಂದ್ರು ಅಂತ. ಮುಂದಿನ ಹಿರಿಯರು ಅದನ್ನ ಒಪ್ಪಲಿಲ್ಲಂತ, ಬದಿಗಿಟ್ರು. ದೂತಗ ತನ್ನ ಮನಸ್ಸು ಅನ್ನೋದ ಇಲ್ಲ, ತಪ್ಪು ಹೆಂಗ ಮಾಡ್ತಾನ ಅಂತಾರ."

ಪಾಲಪ್ಪ ಯೋಚಿಸಿ ಹೇಳಿದರು: "ಹಂಗಾರ ಇವ್ರ ಸೈತಾನ ಬಲಗಡಿ ಗಂಟಿನ್ಯಾಗ ಇರ್ಬೇಕಾಗ್ತೈತಿ. ದೇವರ ಕಚೇರಿ ಕಾರಕೂನ."

ತಮಾರ್ ಅದನ್ನು ಬರೆದುಕೊಂಡಳು. ಅವರನ್ನು ಕಳಿಸಿದ ಮೇಲೆ ಪಾಲಪ್ಪ ಒಬ್ಬರೇ ಕೂತು ಇನ್ನೊಮ್ಮೆ ನಕ್ಕರು. ಮೂರು ಮನೆಯವರು, ಮೂರು ಮಾತು. ಒಬ್ಬರಿಗೆ ಬಿದ್ದ ದೂತ, ಒಬ್ಬರಿಗೆ ದೂತನೇ ಅಲ್ಲದ ಬೆಂಕಿಯವನು, ಒಬ್ಬರಿಗೆ ಬೀಳದೇ ನೌಕರಿಯಲ್ಲಿರುವವನು. ದೂತರು ಮಾತು ಮೀರುವುದಿಲ್ಲ ಎಂಬಲ್ಲಿ ಹೊನ್ನೂರ್‌ಸಾಬರೂ ಈ ಹೆಂಗಸೂ ಒಂದೇ ಕಡೆ. ಇದನ್ನು ಕೇಳಿದ್ದರೆ ಹೊನ್ನೂರ್‌ಸಾಬ್ ಮದ್ದಳೆ ಬಡಿದು ನಗುತ್ತಿದ್ದರು. ಹೇಳಲು ಇದ್ದದ್ದು ಅವರೊಬ್ಬರೇ. ದ್ಯಾಮಕ್ಕನಿಗೆ ಹೇಳಿದರೆ, "ಸಂಡೂರು ಏನು ದಿಲ್ಲಿಯೇನು? ಬಸ್ಸು ಹತ್ತು" ಎಂದರು. ನಾಳೆ, ಮುಂದಿನ ವಾರ, ಹಬ್ಬ ಆಗಲಿ ಎನ್ನುತ್ತಾ ಎರಡು ವರ್ಷ ಹತ್ತಿರ ಕಳೆಯಿತು.

ಈ ಸಲ ಮಾಸ್ತರ ಫೋನ್ ಬಂದ ಮರುದಿನ ಪಾಲಪ್ಪ ಬಸ್ಸು ಹತ್ತಿದರು. ಹೊಸಪೇಟೆಯಲ್ಲಿ ಬಸ್ ಬದಲಿಸಿ, ಅದಿರಿನ ಲಾರಿಗಳ ಹಿಂದೆ ನಿಧಾನಕ್ಕೆ ಸಾಗಿ, ಸಂಡೂರು ಮುಟ್ಟಿದಾಗ ಹನ್ನೆರಡಾಗಿತ್ತು. ಹೊನ್ನೂರ್‌ಸಾಬ್ ಮಗಳ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಎದ್ದು ನಿಂತರು.

"ಬರ್ರಿ. ಕುಂದ್ರಿ" ಎಂದರು.

ಮೂವತ್ತೊಂದು ವರ್ಷದಲ್ಲಿ ಅವರು ಪಾಲಪ್ಪನನ್ನು ಲೇ ಎಂದಲ್ಲದೆ ಬೇರೆ ರೀತಿ ಕರೆದಿರಲಿಲ್ಲ. ಪಾಲಪ್ಪ ಕೂತರು. ಮಗಳು ನೀರು ತಂದಿಟ್ಟಳು, ಆಮೇಲೆ ಚಹಾ. ಮಂಡಿನೋವು, ಧೂಳು, ಈ ವರ್ಷದ ಮಳೆಯ ಮಾತಾಯಿತು. ಪಾಲಪ್ಪ ದೇವರ ಕಚೇರಿಯ ಕಾರಕೂನನ ಸುದ್ದಿ ಹೇಳಿದರು. ಹೊನ್ನೂರ್‌ಸಾಬ್ ಕಿವಿಗೊಟ್ಟು ಕೇಳಿದರು. ಮೀಸೆಯೊಳಗೆ ನಕ್ಕಂತೆಯೂ ಆಯಿತು.

"ಹೊನ್ನೂರ, ನನ್ನದ ತಪ್ಪು" ಎಂದರು ಪಾಲಪ್ಪ. "ಎರಡು ಸಲ. ಆಟಕ್ಕಿಂತ ಮೊದ್ಲು ಒಮ್ಮೆ, ಸುಳ್ಳು ಯಾಕಂತ ನೀ ಕೇಳಿದ ಮ್ಯಾಲ ಒಮ್ಮೆ."

"ಅದು ಎಂದೋ ಮುಗೀತ್ರಿ. ಸಿಟ್ಟಿಲ್ಲ ನನಗ."

"ಹಂಗಾರ ಬಾ. ಮಾಸ್ತರ್ ನಿನ್ನ ಹೆಸರು ಹಿಡದ ಕೇಳ್ಯಾರ. ಅದ ಆಟ. ಏಟು ಹಾಕ್ತೀಯೋ ಬಿಡ್ತೀಯೋ ನಿನಗ ಬಿಟ್ಟಿದ್ದು."

ಹೊನ್ನೂರ್‌ಸಾಬ್ ಚಹಾದ ಕಪ್ಪನ್ನು ಬದಿಗೆ ಸರಿಸಿದರು. ಅವಸರವಿಲ್ಲದೆ ಮಾತಾಡಿದರು.

"ನಾ ಪರದಿ ನೋಡಿ ಬಾರಿಸಿದಾವ ಅಲ್ರಿ. ನಿಮ್ಮ ದನಿ ಕೇಳಿ ಬಾರಿಸಿದೆ. ಮುಂದ ಆ ದನಿ ಎತ್ತ ಹೋಗ್ತೈತಿ ಅಂತ ನನಗ ಮೊದ್ಲ ತಿಳೀತಿತ್ತು. ಈಗ ತಿಳಿಯಾಂಗಿಲ್ಲ. ಅನುಮಾನ ಇಟಗೊಂಡು ಕೈ ಎತ್ತಿದ್ರ ತಾಳ ತಡ ಆಗ್ತೈತಿ. ಸಿಟ್ಟು ಅಲ್ಲ ಇದು. ಕೈ ಮಾತು."

ಕಸುಬಿನವನು ಕಸುಬಿನ ಮಾತು ಹೇಳಿದ್ದ. ಅದನ್ನು ತಳ್ಳಿಹಾಕಲು ಬರುವಂತಿರಲಿಲ್ಲ. ಹೊನ್ನೂರ್‌ಸಾಬ್ ಊಟ ಮಾಡಿಸಿ, ಕೋಲು ಹಿಡಿದು ಬಸ್ ನಿಲ್ಲುವ ಜಾಗದವರೆಗೂ ಬಂದರು. ಎರಡೂವರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. "ಹುಷಾರಾಗಿ ಹೋಗ್ರಿ" ಎಂದು ಕೆಳಗಿನಿಂದಲೇ ಹೇಳಿದರು.

ಸಂಜೆ ಮನೆಗೆ ಬಂದ ಪಾಲಪ್ಪ ಕೈಕಾಲು ತೊಳೆದು ಮಾಸ್ತರಿಗೆ ಫೋನ್ ಮಾಡಿದರು. ಮೂರು ವರ್ಷದ ಹಿಂದಿನ ಮೌನ ತಾವು ಬೇಕೆಂದು ಮಾಡಿದ್ದಲ್ಲ, ಮದ್ದಳೆಯವರಿಗೆ ತಾವು ಮಾಡಿದ ಮೋಸದಿಂದ ಆದದ್ದು ಎಂದು ಹೇಳಿದರು. ಅವರು ಈ ಸಲ ಬರುವುದಿಲ್ಲ ಎಂದೂ ತಿಳಿಸಿದರು. ಮಾಸ್ತರ್, ಹಾಗಾದರೂ ಆಟ ಇರಲಿ ಎಂದರು.

ಡಿಸೆಂಬರ್ ಇಪ್ಪತ್ತೊಂದರ ಭಾನುವಾರ ಸಂಜೆ ಆರೂವರೆಗೆ ಆಟ. ಮದ್ದಳೆಗೆ ದರೋಜಿಯ ಎರ್ರೆಪ್ಪ ಬರುತ್ತಾನೆ. ತಾಲೀಮು ಮುಂದಿನ ಗುರುವಾರದಿಂದ.